ಗಂಧಕದ ಬರಿ

ಬೆಂಕಿಕಡ್ಡಿ ಗೀರಿದ ಕೂಡಲೇ, ಬತ್ತಿಗೆ ಬೆಂಕಿ ತಗಲುವ ಮೊದಲು, ಒಂದು ವಾಸನೆ ಬರುತ್ತದೆ. ಮೂಗಿನೊಳಗೆ ಸೂಜಿಯ ಹಾಗೆ ಚುಚ್ಚಿ, ಅಷ್ಟೇ ಬೇಗ ಹೋಗಿಬಿಡುವ ವಾಸನೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಸಂಜೆ ದೇವರ ಮುಂದೆ ದೀಪ ಹಚ್ಚುವವಳು ನಾನು. ಎಷ್ಟು ಸಾವಿರ ಕಡ್ಡಿ ಗೀರಿದ್ದೇನೋ ದೇವರಿಗೇ ಗೊತ್ತು. ಆದರೆ ಆ ವಾಸನೆಗೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಒಂದು ಮಳೆಗಾಲದ ಕೊನೆಯಲ್ಲಿ. ಅದೂ ಗೊತ್ತಾಗಬೇಕಾದ ಹೊತ್ತಿಗಿಂತ ಅರ್ಧ ಗಂಟೆ ತಡವಾಗಿ. ಈಗಲೂ ಕಡ್ಡಿ ಗೀರುವಾಗ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ದೇವರ ಮುಂದೆ ಸಿಟ್ಟು ಮಾಡಬಾರದು. ಮಾಡುತ್ತೇನೆ. ಆಮೇಲೆ ಕ್ಷಮೆ ಕೇಳುತ್ತೇನೆ.

ನಮ್ಮ ಮನೆ ವರ್ಕಾಡಿಯಲ್ಲಿ, ಗಡಿಯಾಚೆ ಮಲಯಾಳದ ರಾಜ್ಯಕ್ಕೆ ಸೇರಿದ ಕನ್ನಡದ ಊರು. ಮಗಳು ನರ್ಸಿಂಗ್ ಕಲಿಯಲು ಮಂಗಳೂರಿನ ಹಾಸ್ಟೆಲಿಗೆ ಹೋದ ವರ್ಷ ಅದು. ಗಂಡನಿಗೆ ಸೀತಾಂಗೋಳಿಯಲ್ಲಿ ಸಿಮೆಂಟಿನ ಕಿಟಕಿ ದಾರಂದ ಎರಕ ಹೊಯ್ಯುವಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ದೀಪ ಹಚ್ಚಿದ ಮೇಲೆಯೇ ಬರುವವರು. ಹಗಲಿಗೆ ಉಳಿದವರು ನಾನು, ನನ್ನ ಅತ್ತೆ, ಇಬ್ಬರ ಮಡಿಲಲ್ಲಿ ಒಂದೊಂದು ಬೀಡಿಯ ಗೆರಸೆ. ಕತ್ತರಿಯ ಸದ್ದು, ಮಾಡಿನ ಮೇಲೆ ಮಳೆಯ ಸದ್ದು, ನಡುವೆ ಅತ್ತೆಯ ಮಾತು. ಅತ್ತೆಯ ಮಾತು ಮಳೆಗಿಂತ ಹೆಚ್ಚು ಬೀಳುತ್ತದೆ.

ನಮ್ಮ ವಾರ್ಡಿನ ಅಂಗನವಾಡಿಯ ಟೀಚರಿಗೆ ಮರುವರ್ಷ ನಿವೃತ್ತಿ ಎಂಬ ಸುದ್ದಿ ಬಂತು. ಆ ಜಾಗಕ್ಕೆ ವಾರ್ಡಿನವರೇ ಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸಿಗೂ ಮಿತಿ ಉಂಟು. ವಾರ್ಡಿನವಳು ಹೌದು. ವಯಸ್ಸು ಆ ಒಂದು ಸಲಕ್ಕೆ ಮಾತ್ರ ಸಾಕಾಗುತ್ತಿತ್ತು. ಹತ್ತನೆಯಲ್ಲಿ ನಾನು ಹುಡುಗಿಯಾಗಿದ್ದಾಗಲೇ ಬಿದ್ದವಳು. ಆದರೆ ಶಾಲೆ ಬಿಟ್ಟ ದೊಡ್ಡವರಿಗೆ ಹತ್ತನೆಗೆ ಸಮವಾದ ಪರೀಕ್ಷೆಯೊಂದು ನಮ್ಮಲ್ಲಿ ಇದೆ, ತುಲ್ಯತಾ ಎನ್ನುತ್ತಾರೆ. ಆದಿತ್ಯವಾರ ಕ್ಲಾಸು, ಮಳೆಗಾಲ ಮುಗಿಯುವಾಗ ಪರೀಕ್ಷೆ. ನನಗೆ ಆ ಕೆಲಸ ಎಷ್ಟು ಬೇಕಿತ್ತೆಂದರೆ, ಅಂಗನವಾಡಿಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಬೆಳಿಗ್ಗೆ ಗದ್ದೆಗಳ ನಡುವಿನ ಹುಣಿಯಲ್ಲಿ ನಡೆದು ಹೋಗುವ ಹಾಗೆ ನಾನು ಹಗಲಿನಲ್ಲೇ ಕಾಣುತ್ತಿದ್ದೆ. ಒಂದು ಬಾಗಿಲು, ಅದನ್ನು ತೆರೆಯುವವಳು ನಾನು. ಅಷ್ಟೇ ಆಸೆ.

ಜೊತೆಗೆ ಸೇರಿದವಳು ಜುಬೈದಾ. ಗದ್ದೆಯಾಚೆಯ ಮನೆ, ನನಗಿಂತ ಆರೇಳು ವರ್ಷ ಸಣ್ಣವಳು. ಗಂಡ ದುಬಾಯಿಯಲ್ಲಿ. ಅವಳಿಗೂ ಅದೇ ಪೋಸ್ಟು ಬೇಕಿತ್ತು. ಒಂದು ಜಾಗಕ್ಕೆ ಇಬ್ಬರು, ಒಂದೇ ಜೀಪಿನಲ್ಲಿ, ಒಂದೇ ಕೊಡೆಯಲ್ಲಿ.

"ಯಾರಿಗೆ ಸಿಕ್ಕಿದ್ರೂ ಇನ್ನೊಬ್ಬಳಿಗೆ ಮಧ್ಯಾಹ್ನದ ಗಂಜಿ ಗ್ಯಾರಂಟಿ, ಆಯ್ತಾ ವಾರಿಜಕ್ಕ?" ಎಂದಳು ಮೊದಲನೆಯ ದಿನ.

"ಗಂಜಿಗೆ ಚಟ್ನಿ?"

"ಚಟ್ನಿ ನೀವೇ ತರ್ಬೇಕು. ಸರಕಾರ ಅಷ್ಟೆಲ್ಲ ಕೊಡುದಿಲ್ಲ ಮಾರಾಯ್ತಿ."

ಕನ್ನಡ, ಸಮಾಜ, ಹಿಂದಿ ಹೇಗೋ ಹೋಯಿತು. ಜೀವ ತಿಂದದ್ದು ರಸಾಯನಶಾಸ್ತ್ರ. ಕನ್ನಡದಲ್ಲಿ ಅದನ್ನು ಕಲಿಸುವವರು ಸಿಗದೆ ನಮ್ಮನ್ನು ಮಲಯಾಳದವರ ಜೊತೆ ಒಂದೇ ಕ್ಲಾಸಿನಲ್ಲಿ ಕೂರಿಸಿದರು. ರಮ್ಯಾ ಟೀಚರ್ ತೆಂಕಣದವರು, ಪಾಪದ ಹುಡುಗಿ, ಕನ್ನಡದ ಒಂದಕ್ಷರ ಬಾರದು. ನಮಗೆ ಮಲಯಾಳ ಬರುತ್ತದೆ. ಆದರೆ ಅದು ಮೀನಿಗೆ ಚೌಕಾಸಿ ಮಾಡುವ, ಬಸ್ಸಿನಲ್ಲಿ ಸೀಟು ಕೇಳುವ ಮಲಯಾಳ. ಟೀಚರ್ ಒಂದು ಬಟ್ಟೆಯ ನಕ್ಷೆ ಬಿಚ್ಚಿ ಗೋಡೆಗೆ ತೂಗಿಸಿ "ಆವರ್ತನಪ್ಪಟ್ಟಿಗ" ಎಂದರು. ನಮ್ಮ ಪುಸ್ತಕದಲ್ಲಿ ಅದು ಆವರ್ತಕೋಷ್ಟಕ. ಎರಡರಲ್ಲೂ ನನಗೆ ಗೊತ್ತಾದದ್ದು ಇಷ್ಟು: ಎರಡು ತುದಿಯಲ್ಲಿ ಎತ್ತರ, ನಡುವೆ ತಗ್ಗು, ಕೆಳಗೆ ಬೇರೆಯೇ ಎರಡು ಸಾಲು.

"ಹಿಂದಿನ ಮಳೆಗೆ ಬಿದ್ದ ನಮ್ಮ ಪಾಗಾರದ ಗೋಡೆಯ ಹಾಗೆ ಉಂಟು," ಎಂದು ಜುಬೈದಾ ನನ್ನ ಕಿವಿಯಲ್ಲಿ ಹೇಳಿದಳು.

"ಮನಸ್ಸಿಲಾಯೋ?" ಟೀಚರ್ ಕೇಳಿದರು.

"ಮನಸ್ಸಿಲಾಯಿ ಟೀಚರೇ," ಎಂದೆವು ಎಲ್ಲರೂ. ಎಂತ ಮಣ್ಣೂ ಅರ್ಥವಾಗಿರಲಿಲ್ಲ.

ಸೋಡಿಯಮ್ಮಿಗೆ ಗುರುತು ಎನ್-ಎ. ಪೊಟಾಸಿಯಮ್ಮಿಗೆ ಕೆ. ಕಬ್ಬಿಣಕ್ಕೆ ಎಫ್-ಇ. ಹೆಸರು ಒಂದು, ಅಕ್ಷರ ಇನ್ನೊಂದು, ಇದೆಂತ ಹಟ? ಅದೆಲ್ಲ ಯಾವುದೋ ಹಳೆಯ ಭಾಷೆಯಂತೆ. ಕನ್ನಡಕ್ಕೆ ಮಲಯಾಳ, ಮಲಯಾಳಕ್ಕೆ ಇಂಗ್ಲಿಷು, ಇಂಗ್ಲಿಷಿಗೆ ಅದರಜ್ಜನ ಭಾಷೆ. ಮೂರು ಹೊಳೆ ದಾಟಿ ಹೋಗಿ ನೋಡಿದರೆ ಅಲ್ಲಿ ಇರುವುದು ನಮ್ಮ ಅಡುಗೆಮನೆಯ ಉಪ್ಪು. ಮನೆಗೆ ಬರುವ ಜೀಪಿನಲ್ಲಿ ಒದ್ದೆ ಸೀರೆ ಕಾಲಿಗೆ ಅಂಟಿಕೊಂಡು, ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಸಂಜೆ ದೀಪದ ಮುಂದೆ ಬೆರಳು ಮಡಚಿ ಆ ದಿನದ ಉಪಕಾರ ನೆನೆಯುವುದು ನನ್ನ ಅಭ್ಯಾಸ. ಆ ಆದಿತ್ಯವಾರಗಳಲ್ಲಿ ಎರಡು ಬೆರಳು ಮಡಚುವುದೇ ಕಷ್ಟವಾಗುತ್ತಿತ್ತು. ಜೀಪು ಸಿಕ್ಕಿತು, ಒಂದು. ಟೀಚರ್ ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಲಿಲ್ಲ, ಎರಡು.

ಕೊನೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಹಿಡಿದು ಇಡೀ ಕೋಷ್ಟಕವನ್ನು ಬರೆದು, ಬೀಡಿ ಕಟ್ಟುವಲ್ಲಿ ಎದುರಿನ ಗೋಡೆಗೆ ಅಂಟಿಸಿದೆ. ನೋಡಿ ನೋಡಿ ಬಾಯಿಗೆ ಬರಲಿ ಎಂದು.

"ಇದೆಂತ, ವೋಟಿನ ಪಟ್ಟಿಯಾ?" ಅತ್ತೆ ಕೇಳಿದರು.

"ಮೂಲಧಾತುಗಳು ಅತ್ತೆ. ಲೋಕದಲ್ಲಿ ಇರುವುದೆಲ್ಲ ಇದರಿಂದಲೇ ಆದದ್ದಂತೆ."

"ಲೋಕ ದೇವರಿಂದ ಆದದ್ದು."

"ಹೌದು. ದೇವರು ಇವುಗಳಿಂದ ಮಾಡಿದ್ದು."

ಅತ್ತೆ ಒಂದು ಬೀಡಿ ಸುತ್ತಿ ನೂಲು ಕಟ್ಟುವ ತನಕ ಅದನ್ನು ಯೋಚಿಸಿದರು. "ಹಾಗಾದ್ರೆ ಸರಿ. ಆದ್ರೆ ಇವು ಯಾಕೆ ಹೀಗೆ ಮೇಲೆ ಕೆಳಗೆ ಕೂತದ್ದು? ಒಂದು, ಎರಡು, ಮೂರು ಅಂತ ಉದ್ದಕ್ಕೆ ಕೂರ್ಬಾರ್ದಾ?"

ನನಗೂ ಅದೇ ಸಂಶಯ. ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. "ನಂಬರಿನ ಪ್ರಕಾರವೇ ಕೂತದ್ದು. ಆದ್ರೆ ಅಲ್ಲಲ್ಲಿ ಸಾಲು ತುಂಡು ಮಾಡಿ ಕೆಳಗೆ ಇಳಿಸಿದ್ದಾರೆ, ಒಂದೇ ಗುಣದವು ಒಂದರ ಕೆಳಗೆ ಒಂದು ಬರುವ ಹಾಗೆ. ಈ ಮೊದಲನೇ ಕಂಬ ನೋಡಿ. ಲಿಥಿಯಂ, ಸೋಡಿಯಂ, ಪೊಟಾಸಿಯಂ. ಮೂರಕ್ಕೂ ನೀರು ಕಂಡ್ರೆ ಆಗುದಿಲ್ಲ. ಬಿದ್ದ ಕೂಡಲೇ ಬುಸುಗುಟ್ಟುತ್ತವೆ. ಕೆಳಗೆ ಹೋದಷ್ಟು ಜೋರು."

"ಮೂರೂ ಒಂದೇ ಮನೆಯವಾ?"

"ಅಲ್ಲ. ಬೇರೆ ಬೇರೆ ಸಾಲು."

"ಮನೆ ಬೇರೆ, ಸ್ವಭಾವ ಒಂದೇ," ಎಂದರು ಅತ್ತೆ. "ಹಾಗಾದ್ರೆ ಅವುಗಳ ಬರಿ ಒಂದೇ."

ತುಳುವರಲ್ಲಿ ಬರಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶ. ನಾನು ಮತ್ತು ನನ್ನ ಮಗಳು ಒಂದು ಬರಿ. ಅತ್ತೆ ಮತ್ತು ಅವರ ಮಗ, ಅಂದರೆ ನನ್ನ ಗಂಡ, ಇನ್ನೊಂದು. ಎಷ್ಟು ದೂರದ ಊರಿನವರಾಗಲಿ, ಮುಖ ಕಂಡಿರದಿರಲಿ, ಬರಿ ಒಂದೇ ಆದರೆ ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ. ಅತ್ತೆ ಈ ವಿಷಯದಲ್ಲಿ ಊರಿಗೇ ದೊಡ್ಡವರು. ಹುಡುಗಿ ನೋಡಲು ಹೊರಟವರು ಜಾತಕಕ್ಕಿಂತ ಮೊದಲು ನಮ್ಮ ಚಾವಡಿಗೆ ಬಂದು ಅವರನ್ನು ಕೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಅತ್ತೆ ಊರು ಕೇಳುವ ಮೊದಲು ಬರಿ ಕೇಳುವುದು.

ಆ ದಿನ ಮಧ್ಯಾಹ್ನದ ಒಳಗೆ, ರಮ್ಯಾ ಟೀಚರ್ ಆರು ಆದಿತ್ಯವಾರ ಹೇಳಿಯೂ ನನ್ನ ತಲೆಗೆ ಹೋಗದ್ದು, ಅತ್ತೆಯ ಬಾಯಿಂದ ಹೋಯಿತು. ಅಡ್ಡಸಾಲು ಎಂದರೆ ಮನೆ ಎಷ್ಟು ಸುತ್ತಿನದ್ದು ಎಂಬ ಲೆಕ್ಕ. ಮೊದಲನೆಯ ಸಾಲಿನವಕ್ಕೆ ಒಂದೇ ಸುತ್ತು, ಎರಡನೆಯವಕ್ಕೆ ಒಂದರ ಹೊರಗೆ ಇನ್ನೊಂದು, ಹೀಗೆ ಏಳರ ತನಕ. ಕಂಬಸಾಲು ಎಂದರೆ ಬರಿ. ಅದು ಹೊರಗಿನ ಚಾವಡಿಯಲ್ಲಿ ಎಷ್ಟು ಇಲೆಕ್ಟ್ರಾನು ಕೂತಿದೆ ಎಂಬುದರ ಮೇಲೆ.

"ಚಾವಡಿಯಲ್ಲಿ ಒಬ್ಬನೇ ಕೂತ್ರೆ?" ನಾನು ಕೇಳಿದೆ.

"ಅವ ಎದ್ದು ಹೋಗ್ಲಿಕ್ಕೇ ನೋಡ್ತಾನೆ. ಬೇಜಾರಲ್ವಾ?"

"ಏಳು ಜನ ಕೂತ್ರೆ?"

"ದಾರಿಯಲ್ಲಿ ಹೋಗುವವನನ್ನು ಕರೀತಾರೆ, ಇನ್ನೊಬ್ಬ ಬಾ ಅಂತ."

ಸೋಡಿಯಮ್ಮಿನಲ್ಲಿ ಒಂದು, ಕ್ಲೋರಿನ್ನಿನಲ್ಲಿ ಏಳು. ಇದು ಕೊಟ್ಟಿತು, ಅದು ತೆಗೆದುಕೊಂಡಿತು, ಉಪ್ಪಾಯಿತು. ನನಗೆ ಕೂಗಬೇಕೆನಿಸಿತು.

"ಎಂಟು ತುಂಬಿದ್ರೆ?"

"ಮತ್ತೆ ಯಾರ ಗೊಡವೆ? ಬಾಗಿಲು ಹಾಕಿ ಮಲಗ್ತಾರೆ." ಅದು ಕೊನೆಯ ಕಂಬ. ಜಡ ಅನಿಲಗಳು. ಯಾರೊಂದಿಗೂ ಸೇರದವು.

ಮೇಲಿನ ಎಡತುದಿಯ ಹೈಡ್ರೋಜನ್ನಿಗೆ ಬೆರಳಿಟ್ಟು ಅತ್ತೆ ಕೇಳಿದರು, "ಇವ ಗಾಳಿ ಅಂತೀ. ಲೋಹದವರ ತಲೆಯ ಮೇಲೆ ಯಾಕೆ ಕೂರಿಸಿದ್ದು?"

"ಅವನನ್ನು ಎಲ್ಲಿ ಕೂರಿಸುವುದು ಅಂತ ದೊಡ್ಡವರಿಗೂ ಸರಿಯಾಗಿ ಗೊತ್ತಿಲ್ಲವಂತೆ."

"ಎಲ್ಲ ಮದುವೆಯಲ್ಲೂ ಅಂಥವ ಒಬ್ಬ ಇರ್ತಾನೆ. ಕೆಳಗೆ ಈ ಎರಡು ಸಾಲು?"

"ಒಳಗೆ ಜಾಗ ಸಾಲದೆ ಹೊರಗೆ ಹಾಕಿದ್ದು. ನಿಜವಾಗಿ ಇಲ್ಲಿ, ನಡುವೆ ಬರ್ಬೇಕಾದವು."

"ಅಂಗಳದ ಪಂಕ್ತಿ," ಎಂದು ಅತ್ತೆ ತಲೆಯಾಡಿಸಿದರು.

ಇದನ್ನು ಮೊದಲು ಜೋಡಿಸಿದವರು ರಷ್ಯಾದ ಒಬ್ಬ ಗಡ್ಡದ ಮೇಷ್ಟ್ರು. ಪುಸ್ತಕದಲ್ಲಿ ಚಿತ್ರ ಇತ್ತು. ತೂಕದ ಪ್ರಕಾರ ಕೂರಿಸುತ್ತಾ ಹೋದವರು, ಗುಣ ಹೊಂದದ ಕಡೆ ತೂಕವನ್ನು ಬದಿಗಿಟ್ಟು ಗುಣ ನೋಡಿ ಕೂರಿಸಿದರಂತೆ. ಯಾರೂ ಹೊಂದದ ಚೌಕವನ್ನು ಖಾಲಿ ಬಿಟ್ಟರಂತೆ, ಇಲ್ಲಿಗೆ ಬರಬೇಕಾದವನು ಇದ್ದಾನೆ, ನಮಗೆ ಇನ್ನೂ ಸಿಕ್ಕಿಲ್ಲ ಎಂದು. ಆಮೇಲೆ ಸಿಕ್ಕಿತು ಕೂಡ, ಅವರು ಹೇಳಿದ ಗುಣದ್ದೇ. ತೂಕ ಅಲ್ಲ, ನಂಬರು ನೋಡಬೇಕು ಎಂದು ಗೊತ್ತಾದದ್ದು ಅದಕ್ಕೂ ಆಮೇಲೆ. ಇದನ್ನು ಕೇಳಿ ಅತ್ತೆ ಗೆರಸೆ ಕೆಳಗಿಟ್ಟರು. "ಜನ ಅಂದ್ರೆ ಅವ ಜನ," ಎಂದರು. ಅತ್ತೆಯ ಬಾಯಿಂದ ಹೊಗಳಿಕೆ ಬಂದದ್ದು ನಾನು ಕೇಳಿದ್ದು ಮೂರು ಸಲ. ಒಂದು ಆ ರಷ್ಯಾದವರಿಗೆ.

ಮತ್ತೆ ಅತ್ತೆ ಕೇಳಿದರು, "ಒಂದೇ ಬರಿಯವು ಕೂಡುದಿಲ್ಲ ಅಲ್ವಾ?"

ನಾನು ಪುಸ್ತಕ ತಿರುವಿದೆ. ಸೋಡಿಯಂ ಕ್ಲೋರೈಡು: ಬರಿ ಬೇರೆ. ಮೆಗ್ನೀಸಿಯಂ ಆಕ್ಸೈಡು: ಬೇರೆ. ನೀರು: ಬೇರೆ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡು: ಬೇರೆ. ಆಮ್ಲಜನಕ ತನ್ನೊಂದಿಗೇ ಎರಡೆರಡಾಗಿ ಇರುತ್ತದೆ ಎಂದಿತ್ತು. ಅದು ಅವಳಿ ಮಕ್ಕಳ ಹಾಗೆ ಎಂದು ಸಮಾಧಾನ ಮಾಡಿಕೊಂಡೆ. "ಇಲ್ಲ ಅತ್ತೆ, ಎಲ್ಲ ಬೇರೆ ಬೇರೆ."

"ಮತ್ತೆ! ದೇವರು ಮಾಡಿದ್ದು ಅಂದ ಮೇಲೆ ಬರಿ ನೋಡದೆ ಮಾಡ್ತಾನಾ?"

ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ಒಂದೇ ಗ್ರೂಪಿನವು ಪರಸ್ಪರ ಕೂಡುವುದಿಲ್ಲ. ಅಡಿಗೆರೆ ಎರಡು. ಆ ಸಂಜೆ ಐದು ಬೆರಳೂ ಮಡಚಿದೆ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಬರೆಯಬೇಕು. ಮುಂದಿನ ಆದಿತ್ಯವಾರ ಟೀಚರ್ ಕೇಳಿದ್ದಕ್ಕೆಲ್ಲ ನಾನು ಟಕಟಕ ಉತ್ತರ ಕೊಟ್ಟೆ. ಜೀಪಿನಲ್ಲಿ ಜುಬೈದಾ ನನ್ನ ಕೈ ಹಿಡಿದಳು. "ಪಡಚ್ಚೋನೇ! ಹೇಗೆ ನೆನಪಿಟ್ಟದ್ದು ವಾರಿಜಕ್ಕ? ನನಗೂ ಹೇಳಿ."

ಅವಳು ನನಗೆ ಮಲಯಾಳದ ಎಷ್ಟೋ ಪದ ಬಿಡಿಸಿ ಹೇಳಿದ್ದಳು. ಅವಳ ಮನೆಯ ಕೊಡೆಯಲ್ಲೇ ನಾನು ನಡೆದದ್ದು. ನಾನು ಹೇಳಿದೆ, "ಬಾಯಿಪಾಠ ಮಾಡಿದೆ, ಅಷ್ಟೇ."

ಪೋಸ್ಟು ಒಂದೇ ಅಲ್ಲವಾ.

ಆಟಿ ತಿಂಗಳು ಬಂತು. ಮಳೆ ನಿಲ್ಲದೆ ಬೀಡಿ ಎಲೆಗೆ ಬೂಸು ಹಿಡಿಯಿತು. ಒಂದು ಆದಿತ್ಯವಾರ ನಾನು ಪುಸ್ತಕ ಪ್ಲಾಸ್ಟಿಕಿನಲ್ಲಿ ಸುತ್ತುತ್ತಿರುವಾಗ ಅತ್ತೆ ಜರಿಯ ಸೀರೆ ಉಟ್ಟು ಬಂದು ನಿಂತರು. ಅವರ ದೂರದ ನೆಂಟರ ಮನೆಯಲ್ಲಿ ಸತ್ತವರ ಮದುವೆ. ಸಣ್ಣದರಲ್ಲಿ ತೀರಿಹೋದ ಮಕ್ಕಳು ಬದುಕಿದ್ದರೆ ಮದುವೆಯ ಪ್ರಾಯಕ್ಕೆ ಬರುತ್ತಿದ್ದಾಗ, ಅಂಥದೇ ಇನ್ನೊಂದು ಮನೆಯ ಮಗುವಿನೊಂದಿಗೆ ಆಟಿಯಲ್ಲಿ ಮದುವೆ ಮಾಡುವುದು ನಮ್ಮಲ್ಲಿ ಉಂಟು. ಅದಕ್ಕೂ ಬರಿ ನೋಡಬೇಕು. ನೋಡಿ ಕೂಡಿಸಿದವರು ಅತ್ತೆಯೇ.

"ನನಗೆ ಕ್ಲಾಸುಂಟು ಅತ್ತೆ."

"ಬಡಿಸ್ಲಿಕ್ಕೆ ಜನ ಇಲ್ಲ. ಕ್ಲಾಸು ಬರುವ ವಾರ ಇಲ್ವಾ? ಅವರಿಗೆ ಬರುವ ವಾರ ಉಂಟಾ?"

ಹೋದೆ. ಅಲ್ಲಿ ಎರಡು ಮಣೆ, ಒಂದರ ಮೇಲೆ ಪಂಚೆ, ಇನ್ನೊಂದರ ಮೇಲೆ ಹಸಿರು ಸೀರೆ, ಮಲ್ಲಿಗೆ. ಹುಡುಗಿಯ ತಾಯಿ ಆ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು, ಮೈಮೇಲೆ ಉಡಿಸಿದ ಹಾಗೆ. ಉಣ್ಣುವವರು ಕಾಣದ ಎರಡು ಎಲೆಗೆ ನಾನೇ ಬಡಿಸಿದೆ. ಎಲೆಯ ತುದಿಗೆ ಉಪ್ಪನ್ನೂ ಹಾಕಿದೆ. ನನ್ನ ಮಗಳು ಹಾಸ್ಟೆಲಿನಲ್ಲಿ ಬದುಕಿದ್ದಾಳೆ, ಊಟ ಸರಿಯಿಲ್ಲ ಎಂದು ಫೋನಿನಲ್ಲಿ ಬೈಯುತ್ತಾಳೆ. ಆ ದಿನ ಮಡಚಿದ್ದು ಒಂದೇ ಬೆರಳು, ಅದು ಸಾಕಾಯಿತು.

ಆದರೆ ಕ್ಲಾಸು ಹೋಯಿತು. ಮರುದಿನ ಜುಬೈದಾಳ ಪುಸ್ತಕ ತಂದು ಪ್ರತಿ ಮಾಡಿಕೊಂಡೆ. ಅವಳು ಬರೆದದ್ದು ನಾಲ್ಕೇ ಸಾಲು. "ಕೊಟ್ಟು ತೆಗೆದುಕೊಳ್ಳುವುದು ಒಂದು ವಿಧ. ಹಂಚಿಕೊಳ್ಳುವುದು ಇನ್ನೊಂದು ವಿಧ." ಕೆಳಗೆ ಎಂತದೋ ಚುಕ್ಕಿಗಳು.

"ಇದು ಅರ್ಥ ಆಗದಿದ್ರೆ ಹೇಳಿ, ನಾನು ಹೇಳಿಕೊಡ್ತೇನೆ," ಎಂದಳು.

ಕೇಳಬಹುದಿತ್ತು. ಆದರೆ ಕೇಳಲು ಹೋದರೆ ನನ್ನ ಬರಿಯ ಗುಟ್ಟು ಬಾಯಿಬಿಡಬೇಕಾದೀತು ಎಂದು ಹೆದರಿದೆ. "ಅರ್ಥ ಆಯ್ತು," ಎಂದೆ. ಅಲ್ಲಿಗೆ ನಾನು ನನಗೇ ಬಾಗಿಲು ಹಾಕಿಕೊಂಡ ಹಾಗಾಯಿತು.

ಪರೀಕ್ಷೆಯ ದಿನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಗಣಪತಿಗೆ ಒಂದು ಕಾಯಿ ಹೇಳಿಕೊಂಡು ಕೂತೆ. ರಸಾಯನಶಾಸ್ತ್ರದ ಪೇಪರು ಕನ್ನಡದಲ್ಲೇ ಇತ್ತು, ಕಣ್ಣಿಗೊತ್ತಿಕೊಂಡೆ. ಅರ್ಧ ಪೇಪರು ನೆಟ್ಟಗೆ ಹೋಯಿತು. ಆಮೇಲೆ ಆ ಪ್ರಶ್ನೆ ಬಂತು. ಇವುಗಳಲ್ಲಿ ಉಂಟಾಗಲು ಸಾಧ್ಯವಿಲ್ಲದ ಸಂಯುಕ್ತ ಯಾವುದು: ಸೋಡಿಯಂ ಕ್ಲೋರೈಡ್, ಮೆಗ್ನೀಸಿಯಂ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ನಿಯಾನ್ ಕ್ಲೋರೈಡ್? ಕಾರಣ ಬರೆಯಿರಿ. ಅದಕ್ಕೆ ಬಾಲದ ಹಾಗೆ ಇನ್ನೂ ಮೂರು ಸಣ್ಣ ಪ್ರಶ್ನೆಗಳು, ಎಲ್ಲವೂ ಅದನ್ನೇ ಹಿಡಿದು ನೇತಾಡುವಂಥವು.

ನಿಯಾನನ್ನು ನಾನು ನೋಡದೆ ಇರಲಿಲ್ಲ. ಚಾವಡಿ ತುಂಬಿದವನು, ಬಾಗಿಲು ಹಾಕಿ ಮಲಗಿದವನು. ಆದರೆ ಸಲ್ಫರ್ ಅಂದರೆ ಗಂಧಕ, ಹದಿನಾರನೆಯ ಗ್ರೂಪು. ಆಮ್ಲಜನಕ ಅದರ ನೇರ ಮೇಲೆ, ಹದಿನಾರನೆಯದೇ. ಒಂದೇ ಬರಿ! ಉತ್ತರ ಎರಡು ಇರುವ ಹಾಗಿಲ್ಲ. ನಾನು ಪೆನ್ನು ಕಚ್ಚಿಕೊಂಡು ಯೋಚಿಸಿದೆ. ನಿಯಾನ್ ಮದುವೆಯಾಗದೆ ಇರುವುದು ಅವನ ಮನಸ್ಸು, ಮನಸ್ಸು ಬದಲಾಗಬಹುದು. ಬರಿ ಬದಲಾಗುತ್ತದಾ? ಸಲ್ಫರ್ ಡೈಆಕ್ಸೈಡ್ ಎಂದು ಬರೆದೆ. ಕಾರಣವನ್ನೂ ಬರೆದು ಸ್ಕೇಲಿಟ್ಟು ಎರಡು ಅಡಿಗೆರೆ ಎಳೆದೆ. ಬಾಲದ ಮೂರನ್ನೂ ಅದೇ ಧೈರ್ಯದಲ್ಲಿ ಬರೆದೆ.

ಹೊರಗೆ ಬಂದು ಅರ್ಧ ಗಂಟೆಯಾದ ಮೇಲೆ, ಜೀಪು ಕಾಯುವಲ್ಲಿ, ಜುಬೈದಾ ಪೇಪರು ಬಿಚ್ಚಿದಳು.

"ಇದು ನಿಯಾನ್ ಅಲ್ವಾ?"

"ಸಲ್ಫರ್ ಡೈಆಕ್ಸೈಡ್."

"ಎಂತ ಹೇಳ್ತೀರಿ ನೀವು! ಬೆಂಕಿಕಡ್ಡಿ ಗೀರುವಾಗ ಬರುವ ವಾಸನೆ ಅದೇ ಅಂತ ಟೀಚರ್ ಗೀರಿ ತೋರಿಸಿದ್ದಲ್ವಾ?" ಅಷ್ಟು ಹೇಳಿ ಅವಳ ಮುಖ ಇಳಿಯಿತು. "ನೀವು ಆ ಆದಿತ್ಯವಾರ ಇರ್ಲಿಲ್ಲ."

"ಒಂದೇ ಗ್ರೂಪು ಜುಬೈದಾ. ಒಂದೇ ಬರಿ. ಹೇಗೆ ಕೂಡ್ತವೆ?"

"ಎಂತ ಬರಿ?"

ಆಗ ಹೇಳಿದೆ. ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಎಲ್ಲ, ಚಾವಡಿ, ಸುತ್ತು, ಅಂಗಳದ ಪಂಕ್ತಿ. ಅವಳು ಬಾಯಿ ತೆರೆದು ಕೇಳಿದಳು. ಆಮೇಲೆ ನಕ್ಕಳು; ನಗಬಾರದೆಂದು ಶಾಲು ಬಾಯಿಗೆ ಒತ್ತಿಕೊಂಡರೂ ಹೆಗಲು ಕುಣಿಯುತ್ತಿತ್ತು.

"ನಮ್ಮಲ್ಲಿ ಬರಿ ಗಿರಿ ಎಂತ ಇಲ್ಲಪ್ಪ. ಒಬ್ಬಳ ಹಾಲು ಕುಡಿದವರು ಆಗ್ಬಾರ್ದು, ಅದೊಂದು ನೋಡ್ತಾರೆ. ಗಂಧಕ ಯಾರ ಹಾಲು ಕುಡೀತು ವಾರಿಜಕ್ಕ? ಕೊಡುದು ತಕ್ಕೊಳ್ಳುದು ಆದ್ರೆ ನಿಮ್ಮ ಬರಿಯ ಲೆಕ್ಕ ಸರಿ. ಇವು ಕೊಡುದೂ ಇಲ್ಲ, ತಕ್ಕೊಳ್ಳುದೂ ಇಲ್ಲ. ಇಬ್ಬರ ಚಾವಡಿಯಲ್ಲೂ ಆರಾರು ಜನ, ಸೇರಿ ಹಂಚಿಕೊಳ್ತವೆ. ನೀವು ಮೊದಲೇ ನನಗೆ ಹೇಳಿದ್ರೆ ನಾನು ಹೇಳ್ತಿರ್ಲಿಲ್ವಾ?"

ಆ ಕೊನೆಯ ಮಾತು ಅವಳು ಗೊತ್ತಿಲ್ಲದೆಯೇ ಹೇಳಿದ್ದು. ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಆ ಸಂಜೆ ದೇವರ ಮುಂದೆ ಕಡ್ಡಿ ಗೀರಿದೆ. ಬಂತು ವಾಸನೆ. ಇಷ್ಟು ವರ್ಷ ನನ್ನ ಕೈಯಲ್ಲೇ, ದೇವರ ಎದುರಿಗೇ, ದಿನವೂ ಕೂಡುತ್ತಿದ್ದವು. ನಾನು ಅಡಿಗೆರೆ ಎಳೆದು ಸಾಧ್ಯವಿಲ್ಲ ಎಂದು ಬರೆದು ಬಂದಿದ್ದೆ. ಕಡ್ಡಿ ಉರಿದು ಬೆರಳು ಸುಟ್ಟಿತು. ಅತ್ತೆಯ ಮೇಲೆ ಜನ್ಮದಲ್ಲಿ ಒಮ್ಮೆ ಸ್ವರ ಎತ್ತಿದ್ದು ಆ ದಿನ.

"ನಿಮ್ಮ ಬರಿಯಿಂದ ನನ್ನ ಪರೀಕ್ಷೆ ಹೋಯ್ತು! ಗಂಧಕ, ಆಮ್ಲಜನಕ ಒಂದೇ ಬರಿ. ಆದ್ರೂ ಕೂಡ್ತವೆ. ಈ ವಾಸನೆ ಅದೇ!"

ಅತ್ತೆ ಮೂಗು ಎತ್ತಿ ವಾಸನೆ ನೋಡಿದರು. ನಿಧಾನಕ್ಕೆ ಹೇಳಿದರು, "ಮೂಗು ಮುಚ್ಚುವ ಹಾಗೆ ಉಂಟಲ್ಲ, ಯಾಕೆ ಅಂದುಕೊಂಡೆ? ಬರಿ ನೋಡದೆ ಕೂಡಿದ್ದಕ್ಕೇ."

ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡೆ.

"ನಾನು ಮನುಷ್ಯರ ಬರಿ ಹೇಳಿದ್ದು ಮಗಾ," ಎಂದರು ಮತ್ತೆ, ಸ್ವರ ತಗ್ಗಿಸಿ. "ಗಾಳಿಯ ಬರಿ ಯಾರಿಗೆ ಗೊತ್ತು?" ಆ ರಾತ್ರಿ ಊಟಕ್ಕೆ ಅವರೇ ಬಡಿಸಿದರು. ಕ್ಷಮೆ ಕೇಳುವ ಪದ ಅತ್ತೆಯ ಬಾಯಲ್ಲಿ ಇಲ್ಲ. ಸೌಟಿನಲ್ಲಿ ಉಂಟು.

ಫಲಿತಾಂಶ ಬಂತು. ಪಾಸು. ಉಳಿದ ಎಲ್ಲದರಲ್ಲೂ ನಾನು, ಜುಬೈದಾ ಹೆಚ್ಚುಕಡಿಮೆ ಸಮ. ರಸಾಯನಶಾಸ್ತ್ರದಲ್ಲಿ ಅವಳಿಗೆ ಸಿ, ನನಗೆ ಡಿ ಪ್ಲಸ್. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಾದರೆ ಫೇಲು. ಇಬ್ಬರೂ ಅರ್ಜಿ ಹಾಕಿದೆವು, ಇಂಟರ್‌ವ್ಯೂ ಆಯಿತು, ಪಟ್ಟಿ ಬಂತು. ಜುಬೈದಾ ಮೊದಲು. ನಾನು ಎರಡನೆಯವಳು. ಆ ಒಂದು ಗ್ರೇಡಿನಿಂದಲೇ ಹೀಗಾಯಿತೆಂದು ಯಾರೂ ನನಗೆ ಹೇಳಲಿಲ್ಲ. ಹೇಳಿಕೊಂಡವಳು ನಾನೇ, ಬೀಡಿ ಕಟ್ಟುವಾಗ, ಬಟ್ಟೆ ಒಗೆಯುವಾಗ, ದೇವರಿಗೆ ಕೈಮುಗಿಯುವಾಗ ಕೂಡ.

ಮತ್ತೂ ಒಂದು ಉಳಿದಿತ್ತು. ಅದೇ ಅಂಗನವಾಡಿಯಲ್ಲಿ ಹೆಲ್ಪರ್ ಜಾಗ ಖಾಲಿಯಾಗುತ್ತದೆ ಎಂದು ಕೇಳಿ, ಎರಡು ಬಸ್ಸು ಬದಲಿಸಿ ವಿದ್ಯಾನಗರದ ಸರಕಾರಿ ಕಚೇರಿಯ ತನಕ ಹೋದೆ. ಕಚೇರಿಯ ಹೆಂಗಸು ನನ್ನ ಸರ್ಟಿಫಿಕೇಟು ನೋಡಿ ಮರ್ಯಾದೆಯಿಂದಲೇ ಹೇಳಿದರು, "ಚೇಚೀ, ಇದು ಹತ್ತನೇ ಪಾಸಾಗದವರಿಗೆ ಇರುವ ಪೋಸ್ಟು. ಪಾಸಾದವರು ಹಾಕುವ ಹಾಗಿಲ್ಲ." ಪಾಸಾಗದೆ ಇದ್ದಿದ್ದರೆ ಸಿಗುತ್ತಿತ್ತು! ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿಯಾನನ್ನು ನೆನೆದೆ. ಮೇಲಿನವರಿಗೂ ಬೇಡ, ಕೆಳಗಿನವರಿಗೂ ಬೇಡ, ಚಾವಡಿ ಮಾತ್ರ ತುಂಬಿದೆ.

ಎರಡು ವಾರ ನಾನು ಜುಬೈದಾಳ ಮನೆಯ ಬದಿಯ ದಾರಿ ಬಿಟ್ಟು ಸುತ್ತು ಹಾಕಿ ಅಂಗಡಿಗೆ ಹೋದೆ. ಅವಳೇ ಬಂದಳು. ಚಾವಡಿಯಲ್ಲಿ ಅತ್ತೆಯ ಹತ್ತಿರ ಕೂತಳು.

"ಕೋಪವಾ?"

"ಎಂತಕ್ಕೆ ಕೋಪ?"

"ಹಾಗಾದ್ರೆ ಗಂಜಿಗೆ ಯಾಕೆ ಬರ್ಲಿಲ್ಲ? ಚಟ್ನಿ ಇಲ್ಲದೆ ನಾನು ತಿನ್ನುದಾ?" ಎಂದು ಹೇಳಿ ಪರ್ಸಿನಿಂದ ಒಂದು ಬೀಗದ ಕೈ ತೆಗೆದು ನನ್ನ ಗೆರಸೆಯಲ್ಲಿ ಹಾಕಿದಳು. "ಎರಡು ಕೀ ಉಂಟು. ಒಂದು ನಿಮ್ಮಲ್ಲಿರ್ಲಿ. ಮೀಟಿಂಗ್ ಇದ್ದ ದಿನ ನಾನು ಬರುವಾಗ ತಡ ಆಗ್ತದೆ, ಮಕ್ಕಳು ಮಳೆಯಲ್ಲಿ ನಿಂತಿರ್ತವೆ. ಸಂಬಳ ಇಲ್ಲ, ಮೊದಲೇ ಹೇಳ್ತೇನೆ."

ತೆಗೆದುಕೊಳ್ಳಬೇಕೆಂದಿರಲಿಲ್ಲ. ಬೀಡಿ ಎಲೆಗಳ ನಡುವೆ ಅದು ಬಿದ್ದುಕೊಂಡಿತ್ತು. ಅತ್ತೆ ಎತ್ತಿ ನನ್ನ ಕೈಯಲ್ಲಿಟ್ಟರು.

ಈಗಲೂ ತಿಂಗಳಿಗೆ ಎರಡು ಮೂರು ಸಲ ಗದ್ದೆಯ ಹುಣಿಯಲ್ಲಿ ನಡೆದು ಹೋಗಿ ಆ ಬಾಗಿಲು ತೆರೆಯುತ್ತೇನೆ. ಮಕ್ಕಳು ಟೀಚರೇ ಎನ್ನುತ್ತವೆ. ನಾನು ಟೀಚರ್ ಅಲ್ಲ ಎಂದು ತಿದ್ದುವುದಿಲ್ಲ. ಜುಬೈದಾ ಬಂದಾಗ ಎದ್ದು ಬರುತ್ತೇನೆ. ಆ ಎದ್ದು ಬರುವುದು ಪ್ರತಿ ಸಲವೂ ಚುಚ್ಚುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಕ್ಯಾಲೆಂಡರು ಇನ್ನೂ ಗೋಡೆಯಲ್ಲಿದೆ, ಹೊಗೆಗೆ ಹಳದಿಯಾಗಿ. ಕೆಂಪು ಸಾಲನ್ನು ನಾನು ಹೊಡೆದು ಹಾಕಿಲ್ಲ. ಅದರ ಪಕ್ಕ ಜುಬೈದಾ ಒಂದು ದಿನ ತನ್ನ ಕೈಬರಹದಲ್ಲಿ "ಹಂಚಿಕೊಂಡರೆ ಕೂಡುತ್ತವೆ" ಎಂದು ಬರೆದಿದ್ದಾಳೆ.

ಅತ್ತೆಗೆ ಈಗ ಕಣ್ಣು ಮಂಜು. ಬೀಡಿ ಬಿಟ್ಟಿದ್ದಾರೆ. ಸಂಜೆ ನಾನು ಕಡ್ಡಿ ಗೀರಿದೊಡನೆ ಚಾವಡಿಯಿಂದ ಮೂಗೆತ್ತಿ ಕೇಳುತ್ತಾರೆ.

"ಆಯ್ತಾ ಆ ಮದುವೆ?"

"ಆಯ್ತು ಅತ್ತೆ."

"ದೀಪ ಹತ್ತಿತಾ?"

"ಹತ್ತಿತು."

"ಹಾಗಾದ್ರೆ ಇರ್ಲಿ ಬಿಡು."